ಸಲೀಸಕ್ಕ ಫೋಟೋಗಳ ಹಿಂದೆ ಬರೆದದ್ದು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಎಂಥ ಬರಹವನ್ನೂ ಸಲೀಸು ಮಾಡುವ ಅವಳನ್ನು ನಾವೆಲ್ಲ ಸಲೀಸಕ್ಕ ಎಂದೇ ಕರೆಯುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವಳು, ಆದರೂ ನನಗೂ ಅವಳು ಅಕ್ಕನೇ. ಕಚೇರಿಯ ವೆಬ್‌ಸೈಟಿಗೆ ಬರೆಯುವುದು ಅವಳ ಕೆಲಸ, ಅದಕ್ಕೆ ಬೇಕಾದ ಫೋಟೋ ತೆಗೆಯುವುದು ನನ್ನ ಕೆಲಸ. ನಮ್ಮಿಬ್ಬರ ಮೇಜು ಒಂದೇ ಕೋಣೆಯಲ್ಲಿ, ಒಂದೇ ಕಿಟಕಿಯ ಅಕ್ಕಪಕ್ಕ. ಅವಳ ಅತ್ತೆ, ಈ ಮನೆ ಬಿಟ್ಟು ಹೋಗುತ್ತೇನೆ ಎಂದು ಹೇಳಿ ಸೂಟ್‌ಕೇಸ್ ಹೊರಗೆ ತೆಗೆಸಿದಾಗ, ಅದರ ಕಾರಣ ಈ ಕೋಣೆಯಲ್ಲೇ ನನ್ನ ಕಣ್ಣ ಮುಂದೆಯೇ ಹುಟ್ಟಿದ್ದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಮೊದಲು ಅವಳ ಕೆಲಸದ ಬಗ್ಗೆ ಹೇಳಬೇಕು, ಯಾಕೆಂದರೆ ಅದರಲ್ಲಿ ಅವಳದು ಎತ್ತಿದ ಕೈ. ನಮ್ಮ ಎಂಜಿನಿಯರುಗಳಿಗೆ ನೆಟ್ಟಗೆ ಒಂದು ಮಾತು ಹೇಳಲು ಬರುವುದಿಲ್ಲ. ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ. ಅವರು ಬರೆದು ಕಳಿಸುವುದು ಹೀಗಿರುತ್ತಿತ್ತು: "ತಾಂತ್ರಿಕ ಕಾರಣಗಳಿಂದಾಗಿ ಸದರಿ ಬಡಾವಣೆಗಳಲ್ಲಿ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಂಭವವಿರುವುದರಿಂದ ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸಿ ಸಹಕರಿಸಬೇಕಾಗಿ ಈ ಮೂಲಕ ಕೋರಲಾಗಿದೆ." ಸಲೀಸಕ್ಕ ಅದನ್ನು ಓದಿ, ಕನ್ನಡಕ ತೆಗೆದು ಮೂಗು ಉಜ್ಜಿಕೊಂಡು, ವೆಬ್‌ಸೈಟಿನಲ್ಲಿ ಬರೆಯುತ್ತಿದ್ದಳು: "ನಾಳೆ ನೀರು ಬರುವುದಿಲ್ಲ. ಇವತ್ತೇ ತುಂಬಿಸಿಕೊಳ್ಳಿ." ಎಂಜಿನಿಯರುಗಳು ಮೂಗು ಮುರಿಯುತ್ತಿದ್ದರು. ಇದರಲ್ಲಿ ಇಲಾಖೆಯ ಘನತೆ ಎಲ್ಲಿದೆ ಎಂದು ಒಬ್ಬರು ಕೇಳಿದರಂತೆ. ಘನತೆಯನ್ನು ಬಕೆಟ್‌ನಲ್ಲಿ ಹಿಡಿಯಲು ಆಗುವುದಿಲ್ಲ ಸರ್ ಎಂದು ಅವಳು ಉತ್ತರ ಕೊಟ್ಟಿದ್ದಳು.

ಒಂದು ವಾಕ್ಯ ಓದಿದರೆ ಒಂದೇ ಸಲಕ್ಕೆ ಅರ್ಥವಾಗಬೇಕು, ಎರಡನೇ ಸಲ ಓದಿಸಿದರೆ ಬರೆದವರು ಸೋತ ಹಾಗೆ. ಇದು ಅವಳ ಮಂತ್ರ. ವೆಬ್‌ಸೈಟನ್ನು ಎಲ್ಲರಿಗೂ ಸಲೀಸಾಗುವಂತೆ ಮಾಡುವುದು ಹೇಗೆಂದು ಕಲಿಸಲು ತರಬೇತುದಾರರೊಬ್ಬರು ಬಂದಿದ್ದಾಗ ನಾವೆಲ್ಲ ಹಿಂದಿನ ಸಾಲಿನಲ್ಲಿ ಕೂತು ತೂಕಡಿಸಿದೆವು. ಅವಳೊಬ್ಬಳು ಮುಂದೆ ಕೂತು ಎಲ್ಲವನ್ನೂ ನೀರು ಕುಡಿದ ಹಾಗೆ ಕಲಿತಳು. ಅಕ್ಷರ ದೊಡ್ಡದಿರಬೇಕು. ಬೂದು ಬಣ್ಣದ ಮೇಲೆ ಬೂದು ಬಣ್ಣದಲ್ಲಿ ಬರೆಯಬಾರದು. "ಇಲ್ಲಿ ಒತ್ತಿ" ಎಂದು ಬರೆದು ಕೈ ತೊಳೆದುಕೊಳ್ಳಬಾರದು, ಒತ್ತಿದರೆ ಏನು ಸಿಗುತ್ತದೆ ಎಂದು ಹೇಳಬೇಕು. ಕಾಗದದ ಪ್ರಕಟಣೆಯ ಫೋಟೋ ತೆಗೆದು ಅಂಟಿಸಬಾರದು, ಅದರೊಳಗಿನ ಮಾತನ್ನು ಅಕ್ಷರದಲ್ಲೇ ಹಾಕಬೇಕು. ಇನ್ನೊಂದು ವಿಷಯವೂ ಇತ್ತು. ಕಣ್ಣು ಕಾಣದವರ ಫೋನು ವೆಬ್‌ಸೈಟನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಆದರೆ ಫೋಟೋ ಬಂದಾಗ ಅದಕ್ಕೆ ಓದಲು ಏನೂ ಇರುವುದಿಲ್ಲ. ಆದ್ದರಿಂದ ಪ್ರತಿ ಫೋಟೋದ ಹಿಂದೆ ಒಂದು ಬಾಕ್ಸ್ ಇರುತ್ತದೆ. ಫೋಟೋದಲ್ಲಿ ಏನಿದೆ ಎಂದು ಅದರಲ್ಲಿ ಬರೆಯಬೇಕು. ಅದು ಪುಟದ ಮೇಲೆ ಯಾರಿಗೂ ಕಾಣುವುದಿಲ್ಲ. ಕೇಳುವವರಿಗೆ ಮಾತ್ರ ಕೇಳಿಸುತ್ತದೆ. ಅದನ್ನು ಓದಿ ಮುಗಿಸಿದ ಮೇಲೆ, ಇದು ಫೋಟೋ ಎಂದು ತಿಳಿಸಲು ಫೋನು ತಾನಾಗಿಯೇ "ಚಿತ್ರ" ಎಂದು ಸೇರಿಸುತ್ತದೆ.

ನನಗೆ ಈ ಬಾಕ್ಸ್ ಬಹಳ ಹಿಡಿಸಿತು. ನನ್ನ ಫೋಟೋಗಳೆಂದರೆ ಏನು, ಪೈಪು, ವಾಲ್ವು, ಟ್ಯಾಂಕು, ನಲ್ಲಿ ತಿರುಗಿಸುತ್ತ ನಗುವ ದೊಡ್ಡ ಸಾಹೇಬರು. ಯಾರೂ ಎರಡು ಕ್ಷಣ ನೋಡುವುದಿಲ್ಲ. ಸಲೀಸಕ್ಕ ಮಾತ್ರ ಪ್ರತಿಯೊಂದನ್ನೂ ದೊಡ್ಡದು ಮಾಡಿ ನೋಡಿ, ಬಾಕ್ಸಿನಲ್ಲಿ ಏನೋ ಉದ್ದಕ್ಕೆ ಬರೆಯುತ್ತಿದ್ದಳು. ಕೀಲಿಗಳ ಮೇಲೆ ಅವಳ ಬೆರಳು ಟಕಟಕ ಓಡುವುದು ಕೇಳಿದಾಗ ನನಗೆ ಒಳಗೊಳಗೇ ಹಿಗ್ಗು. ನನ್ನ ಫೋಟೋದಲ್ಲಿ ಬರೆಯಲು ಅಷ್ಟೊಂದು ಇದೆ ನೋಡಿ ಎಂದು ಲೆಕ್ಕ ವಿಭಾಗದವರ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ಉಂಟು.

ಆಮೇಲೊಂದು ಎಡವಟ್ಟಾಯಿತು. ವೆಬ್‌ಸೈಟನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸುವಾಗ ಗುತ್ತಿಗೆದಾರನ ಹುಡುಗರು ಎಲ್ಲವನ್ನೂ ಕಲಸುಮೇಲೋಗರ ಮಾಡಿಟ್ಟರು. ಒಂದು ಫೋಟೋದ ಬಾಕ್ಸು ಇನ್ನೊಂದು ಫೋಟೋಗೆ ಹೋಗಿ ಕೂತಿತು. ಚರಂಡಿಯ ಮುಚ್ಚಳದ ಫೋಟೋ ಹಿಂದೆ "ನಮ್ಮ ಮುಖ್ಯ ಎಂಜಿನಿಯರರು ಮುಗುಳ್ನಗುತ್ತಿದ್ದಾರೆ" ಎಂದಿತ್ತು. ಎಷ್ಟೋ ಕಾಲದ ಮೇಲೆ ಸಲೀಸಕ್ಕನೇ ಅದನ್ನು ಕಂಡುಹಿಡಿದಳು. ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. ಇಷ್ಟು ಕಾಲ ಇದು ಹೀಗಿದ್ದರೂ ಒಬ್ಬರೂ ದೂರು ಕೊಟ್ಟಿಲ್ಲ, ಹಾಗಾದರೆ ಇದನ್ನು ಒಬ್ಬರೂ ಕೇಳುತ್ತಿಲ್ಲ, ನಾನು ಗೋಡೆಗೆ ಹೇಳುತ್ತಿದ್ದೆ ಎಂದಳು. ವೆಬ್‌ಸೈಟು ಸರಿಯಿದೆಯೇ ಎಂದು ನೋಡಲು ಒಂದು ತಪಾಸಣೆಯ ಸಾಫ್ಟ್‌ವೇರ್ ಇತ್ತು. ಬಾಕ್ಸು ಖಾಲಿಯಿದ್ದರೆ ಅದು ಕೆಂಪು ಗುರುತು ತೋರಿಸುತ್ತದೆ, ತುಂಬಿದ್ದರೆ ಹಸಿರು ಟಿಕ್ ಹಾಕುತ್ತದೆ. ಅವಳು ಅವತ್ತು ನನ್ನೆದುರಿಗೇ ಒಂದು ಬಾಕ್ಸಿನಲ್ಲಿ "ಅಆಇಈ" ಎಂದು ಬರೆದು ತೋರಿಸಿದಳು. ಹಸಿರು ಟಿಕ್ ಬಂತು. ಅವಳು ಕುರ್ಚಿಗೆ ಒರಗಿ ಸುಮ್ಮನೆ ಅದನ್ನೇ ನೋಡುತ್ತ ಕೂತಳು.

ಆದರೂ ಅದಲುಬದಲಾದ ಬಾಕ್ಸುಗಳನ್ನೆಲ್ಲ ಅವಳು ಸರಿಪಡಿಸಿದಳು, ಅವುಗಳಲ್ಲಿ ಬರೆಯುವುದನ್ನೂ ನಿಲ್ಲಿಸಲಿಲ್ಲ. ಮೊದಲಿಗಿಂತ ಹೆಚ್ಚೇ ಬರೆಯತೊಡಗಿದಳು. ಕೆಲವು ಸಲ ಬರೆಯುತ್ತ ಬರೆಯುತ್ತ ನಗುತ್ತಿದ್ದಳು, ಕೆಲವು ಸಲ ತುಟಿ ಕಚ್ಚಿಕೊಳ್ಳುತ್ತಿದ್ದಳು. ಕರ್ತವ್ಯನಿಷ್ಠೆ ಎಂದರೆ ಇದಪ್ಪಾ ಎಂದುಕೊಂಡೆ.

ಅವಳ ಅತ್ತೆ ಅವರ ಮನೆಗೆ ಬಂದು ನೆಲೆಸಿದ್ದು ಅದೇ ಸುಮಾರಿಗೆ. ಆಕೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ದೃಷ್ಟಿ ಅಂಚುಗಳಿಂದ ಒಳಕ್ಕೆ ಮುಚ್ಚುತ್ತ ಬಂತು. ಸೂಜಿಗೆ ದಾರ ಪೋಣಿಸಲು ಆಗದೆ ಹೋದ ದಿನ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಮಗನಿಗೆ ಫೋನ್ ಮಾಡಿದರಂತೆ. ಮಗ ಎಂದರೆ ಸಲೀಸಕ್ಕನ ಗಂಡ, ಬಸ್ ಡ್ರೈವರ್. ಅವನ ಪಾಳಿ ಯಾವತ್ತು ಎಲ್ಲಿಗೆ ಎಂದು ಹೇಳಲಾಗದು. ಹಾಗಾಗಿ ಮನೆಯಲ್ಲಿ ಅತ್ತೆಯೊಂದಿಗೆ ಇರಬೇಕಾದವಳು ಸೊಸೆಯೇ.

ಚಿಕ್ಕ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಒಂದು ಗ್ಯಾಲರಿ. ಸಲೀಸಕ್ಕನಿಗೆ ರಜೆ ಬಂದರೆ ಮಂಚವನ್ನು ಆ ಗೋಡೆಯಿಂದ ಈ ಗೋಡೆಗೆ, ಮೇಜನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದು ಹೊಸ ಮನೆ ಮಾಡಿಕೊಳ್ಳುವ ಚಟ. ಅತ್ತೆ ಬಂದ ಮೇಲೆ ಒಂದು ಸ್ಟೂಲು ಕೂಡ ಅಲುಗಾಡುವ ಹಾಗಿರಲಿಲ್ಲ. ಅಲುಗಾಡಿದರೆ ಆಕೆ ಎಡವುತ್ತಾರೆ. ಲೋಟ ಇದ್ದಲ್ಲೇ ಇರಬೇಕು, ಚಪ್ಪಲಿ ಬಿಟ್ಟಲ್ಲೇ ಇರಬೇಕು, ಬಾಗಿಲು ಒಂದೋ ಪೂರ್ತಿ ತೆರೆದಿರಬೇಕು ಇಲ್ಲ ಪೂರ್ತಿ ಮುಚ್ಚಿರಬೇಕು. ಯಾವ ಸದ್ದಾದರೂ ಅತ್ತೆ ಕೇಳುತ್ತಿದ್ದರು, ಯಾರದು, ಏನು ಬಿತ್ತು, ಯಾಕೆ ಬಿತ್ತು. ಇಷ್ಟು ಮಾತ್ರ ಸಲೀಸಕ್ಕ ನನಗೆ ಹೇಳಿದ್ದು, ಅದೂ ನಗುನಗುತ್ತಲೇ. ಅತ್ತೆಯ ಬಗ್ಗೆ ಒಂದು ಕೆಟ್ಟ ಮಾತು ಅವಳ ಬಾಯಿಂದ ನಾನು ಕೇಳಿಲ್ಲ. ಅವಳ ಗಂಡನೂ ಕೇಳಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವವಳು ಎಂದು ಆ ಬೀದಿಯಲ್ಲಿ ಅವಳಿಗೆ ಹೆಸರೇ ಇತ್ತು.

ಒಮ್ಮೆ ವೆಬ್‌ಸೈಟಿನಲ್ಲಿ ವಯಸ್ಸಾದವರಿಗಾಗಿ ಒಂದು ಪುಟ ಮಾಡಬೇಕಾಯಿತು. ಕಚೇರಿಗೆ ಅಲೆಯದೆ ಮನೆಯಿಂದಲೇ ನೀರಿನ ದೂರು ಕೊಡುವುದು ಹೇಗೆ ಎಂಬ ಪುಟ. ಅದಕ್ಕೊಂದು ಫೋಟೋ ಬೇಕಿತ್ತು. ನಮ್ಮತ್ತೆಯನ್ನೇ ತೆಗೀರಿ ಎಂದು ಸಲೀಸಕ್ಕ ಹೇಳಿದ್ದರಿಂದ ಅವರ ಮನೆಗೆ ಹೋದೆ. ಅಷ್ಟರಲ್ಲಿ ಆಕೆಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ನೀಲಿ ಸ್ವೆಟರ್ ಹಾಕಿಕೊಂಡು, ತಲೆ ಬಾಚಿಕೊಂಡು, ಗ್ಯಾಲರಿಯ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಪಕ್ಕದಲ್ಲಿ ತುಂಬಿದ ಬಕೆಟ್. ಮುಖದ ಒಂದು ಬದಿಗೆ ಬೆಳಗಿನ ಬಿಸಿಲು. ಗುಂಡಿ ಒತ್ತಿದಾಗಲೇ ನನಗೆ ಗೊತ್ತಾಯಿತು, ಇಷ್ಟು ವರ್ಷ ಪೈಪಿನ ಫೋಟೋ ತೆಗೆದದ್ದಕ್ಕೆ ಇವತ್ತು ಒಂದು ಒಳ್ಳೆಯ ಚಿತ್ರ ಸಿಕ್ಕಿತು ಎಂದು. ಹೇಗೆ ಬಂತು ಎಂದು ಆಕೆ ಕೇಳಿದರು. ಚೆನ್ನಾಗಿದೆ ಅತ್ತೆ ಎಂದು ಸಲೀಸಕ್ಕ ಒಳಗೆ ಹೋದಳು. ಆಕೆ ಇನ್ನೂ ಏನೋ ಕೇಳುವವರಂತೆ ಮುಖ ಎತ್ತಿಕೊಂಡೇ ಇದ್ದರು. ನಾನು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೊರಟೆ.

ಅದಾದ ಮೇಲೆ ಅತ್ತೆ, ಕಣ್ಣು ಕಾಣದವರಿಗೆ ಫೋನ್ ಬಳಸಲು ಕಲಿಸುವ ತರಗತಿಯೊಂದಕ್ಕೆ ಸೇರಿದರು. ಮಗ ಬಸ್ಸಿನಲ್ಲಿ ಬಿಟ್ಟು ಬರುತ್ತಿದ್ದ. ಬೆರಳಿನಿಂದ ಪರದೆ ಸವರಿದರೆ ಫೋನು ಮಾತಾಡುತ್ತದೆ, ಎರಡು ಸಲ ತಟ್ಟಿದರೆ ತೆರೆದುಕೊಳ್ಳುತ್ತದೆ. ಇಷ್ಟು ವರ್ಷ ಬಟ್ಟೆಯ ಮೇಲೆ ಓಡಿದ ಬೆರಳು, ಬೇಗ ಕಲಿತರು. ಸಲೀಸಕ್ಕ ಇದನ್ನೂ ಸಂತೋಷದಿಂದಲೇ ನನಗೆ ಹೇಳಿದ್ದಳು. ಅಂಥ ಫೋನು ವೆಬ್‌ಸೈಟುಗಳನ್ನೂ ಓದುತ್ತದೆ, ಫೋಟೋಗಳ ಹಿಂದಿನದ್ದನ್ನೂ ಓದುತ್ತದೆ ಎಂಬುದು ನಮ್ಮಿಬ್ಬರಿಗೂ ತರಬೇತಿಯ ಕಾಲದಿಂದಲೇ ತಿಳಿದಿತ್ತು. ಆದರೆ ಆ ಫೋನು ಮನೆಯಲ್ಲೇ ಇದೆ, ಅತ್ತೆಯ ಕೈಯಲ್ಲೇ ಇದೆ ಎಂಬುದನ್ನೂ ಈ ಬಾಕ್ಸುಗಳನ್ನೂ ಅವಳ ಮನಸ್ಸು ಒಂದು ಕಡೆ ತಂದು ನೋಡಲೇ ಇಲ್ಲ. ಕಚೇರಿಯದ್ದು ಕಚೇರಿಗೆ, ಮನೆಯದ್ದು ಮನೆಗೆ ಎಂದು ಬದುಕಿದವಳು. ಅಲ್ಲದೆ ಅವಳ ಲೆಕ್ಕದಲ್ಲಿ ಆ ಬಾಕ್ಸು ಗೋಡೆ.

ಒಂದು ದಿನ ತರಗತಿಯಿಂದ ಬಂದ ಅತ್ತೆ, ಮಂಚದ ಕೆಳಗಿನ ಸೂಟ್‌ಕೇಸ್ ತೆಗೆದುಕೊಡು ಎಂದು ಮಗನಿಗೆ ಹೇಳಿದರು. ದೃಷ್ಟಿಯಿಲ್ಲದ ಹೆಂಗಸರು ಒಟ್ಟಿಗೆ ಇರುವ ಒಂದು ನಿವಾಸವಿದೆ, ತರಗತಿಯವರೇ ನಡೆಸುವುದು, ಅಲ್ಲಿ ಒಂದು ಮಂಚ ಖಾಲಿಯಿದೆ, ನಾನು ಅಲ್ಲಿಗೆ ಹೋಗುತ್ತೇನೆ ಎಂದರು. ಮಗ ತಮಾಷೆ ಎಂದುಕೊಂಡ. ಆಕೆ ಬಟ್ಟೆ ಮಡಚತೊಡಗಿದಾಗ ಗರ ಬಡಿದವನಂತೆ ನಿಂತ. ಕಾರಣ ಕೇಳಿದರೆ, ಅಲ್ಲಿ ಗೋಡೆಗುಂಟ ಹಗ್ಗ ಕಟ್ಟಿದ್ದಾರೆ, ಹಿಡಿದುಕೊಂಡು ಓಡಾಡಬಹುದು ಎಂದಷ್ಟೇ ಹೇಳಿದರು. ನಾನೂ ಇಲ್ಲಿ ಹಗ್ಗ ಕಟ್ಟುತ್ತೇನೆ ಎಂದ ಮಗ. ಬೇಡ, ಮನೆ ಚಿಕ್ಕದು ಎಂದರು. ಆಮೇಲೆ ಅವನು ಹೆಂಡತಿಯ ಮೇಲೆ ತಿರುಗಿಬಿದ್ದ. ನೀನೇನಾದರೂ ಅಂದೆಯಾ ಎಂದು ಕೇಳಿದ. ಅವಳು ಅತ್ತೆಯ ಎದುರಿಗೇ, ನಾನು ಇವರಿಗೆ ಒಂದೇ ಒಂದು ಗಟ್ಟಿ ಮಾತು ಆಡಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ ಎಂದಳಂತೆ. ಅತ್ತೆ, ಇಲ್ಲಪ್ಪ, ಅವಳು ಏನೂ ಆಡಿಲ್ಲ ಎಂದು ಒಪ್ಪಿಕೊಂಡರು.

ಮರುದಿನ ಸಲೀಸಕ್ಕ ಕೆಂಪಾದ ಕಣ್ಣಲ್ಲಿ ಕಚೇರಿಗೆ ಬಂದಳು. ಬೀದಿಯವರೆಲ್ಲ ಸೊಸೆಯೇ ಓಡಿಸಿದಳು ಎನ್ನುತ್ತಾರೆ, ಗಂಡ ಮುಖ ಕೊಟ್ಟು ಮಾತಾಡುತ್ತಿಲ್ಲ, ನಾನೇನು ತಪ್ಪು ಮಾಡಿದೆನೋ ತಿಳಿಯುತ್ತಿಲ್ಲ ಎಂದಳು. ನಿವಾಸದವರಿಗೆ ಅತ್ತೆಯ ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಂತೆ, ಅತ್ತೆ ನಿಮ್ಮನ್ನೇ ಕರೆಸು ಎಂದಿದ್ದಾರೆ, ಹೇಗಾದರೂ ಮಾಡಿ ಅವರಿಗೆ ಬುದ್ಧಿ ಹೇಳಿ ಎಂದು ಬೇಡಿಕೊಂಡಳು. ನನಗೂ ಸಿಟ್ಟೇ ಬಂದಿತ್ತು. ಇಷ್ಟು ಮಾಡುವ ಸೊಸೆಯನ್ನು ಹೀಗೆ ಬೀದಿಯ ಬಾಯಿಗೆ ಹಾಕುವ ಮುದುಕಿ ಎಂಥವಳು ಎಂದುಕೊಳ್ಳುತ್ತಲೇ ಕಚೇರಿ ಬಿಟ್ಟ ಮೇಲೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ.

ಸೂಟ್‌ಕೇಸ್ ಬಾಗಿಲ ಪಕ್ಕದಲ್ಲೇ ನಿಂತಿತ್ತು. ಮಗ ರಜೆ ಹಾಕಿ ಮನೆಯಲ್ಲಿದ್ದ, ಗಡ್ಡ ಕೂಡ ಕೆರೆದಿರಲಿಲ್ಲ. ಗ್ಯಾಲರಿಯ ಗೋಡೆಗೆ ಬಿಳಿ ಹೊದಿಕೆ ಕಟ್ಟಿ, ಅತ್ತೆಯನ್ನು ಅದೇ ಕುರ್ಚಿಯಲ್ಲಿ ಕೂರಿಸಿದೆ. ಗಲ್ಲ ಸ್ವಲ್ಪ ಎತ್ತಿ ಎಂದೆ. ಎತ್ತಿದರು. ಬುದ್ಧಿ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದರು.

"ಫೋಟೋದವರೇ, ಅವತ್ತು ಇಲ್ಲೇ ನಂದೊಂದು ಫೋಟೋ ತೆಗೆದ್ರಲ್ಲ, ಅದ್ರಲ್ಲಿ ನಾನು ಹೇಗಿದ್ದೀನಿ?"

ನಾನು ತೆಗೆದದ್ದರಲ್ಲೆಲ್ಲ ಅದೇ ಒಳ್ಳೆಯ ಫೋಟೋ ಎಂದೆ. ನಿಜವನ್ನೇ ಹೇಳಿದೆ.

"ಹೌದಾ. ಫೋನು ಬೇರೆ ಏನೋ ಹೇಳುತ್ತೆ," ಎಂದು ಆಕೆ ಸ್ವೆಟರಿನ ಜೇಬಿನಿಂದ ಫೋನು ತೆಗೆದರು.

ಬೆರಳು ಪರದೆಯ ಮೇಲೆ ಸರಿಯಿತು. ಫೋನಿನೊಳಗಿನ ಹೆಂಗಸಿನ ದನಿ ನಮ್ಮ ಇಲಾಖೆಯ ಹೆಸರು ಹೇಳಿತು. ಉಪ್ಪಿಲ್ಲ, ಖಾರವಿಲ್ಲ, ಒಂದೇ ಸಮನಾದ ದನಿ. ಮೊದಲ ಪುಟದ ಮೊದಲ ಫೋಟೋ. ಆ ದನಿ ಓದಿತು: "ದೊಡ್ಡ ಸಾಹೇಬರು ನಲ್ಲಿ ತಿರುಗಿಸುತ್ತಿದ್ದಾರೆ. ನಲ್ಲಿಯಲ್ಲಿ ನೀರಿಲ್ಲ. ಗೋಡೆಯ ಹಿಂದೆ ಒಬ್ಬ ಕೊಡ ಹಿಡಿದು ಪೈಪಿಗೆ ಸುರಿಯುತ್ತಿದ್ದಾನೆ. ಚಿತ್ರ." ನಾನು ಬೆಚ್ಚಿಬಿದ್ದೆ. ಅದು ನಿಜವೇ, ಆದರೆ ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಸತ್ಯ. ಮುಂದಿನದು: "ಹೊಸ ಟ್ಯಾಂಕು. ಎಡಗಡೆ ಮೂಲೆಯಲ್ಲಿ ಕಾಣುವುದು ನಮ್ಮ ಫೋಟೋಗ್ರಾಫರರ ಹೆಬ್ಬೆರಳು. ಅದು ಇವರ ಎಲ್ಲ ಫೋಟೋದಲ್ಲೂ ಇರುತ್ತದೆ. ಚಿತ್ರ." ಉದ್ದುದ್ದ ವಿವರಣೆ ಎಂದು ನಾನು ಎದೆ ಉಬ್ಬಿಸಿದ್ದು ಇದಕ್ಕೆ.

ತಿರುಗಿ ನೋಡಿದರೆ ಸಲೀಸಕ್ಕನ ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ. ಅವಳು ಒಂದು ಹೆಜ್ಜೆ ಮುಂದೆ ಬಂದು ಅತ್ತೆ, ಸಾಕು ಎಂದಳು. ಅತ್ತೆಯ ಬೆರಳು ಆಗಲೇ ಪುಟ ದಾಟಿತ್ತು. ವಯಸ್ಸಾದವರಿಗೆ ಸಹಾಯ ಎಂದಿತು ಫೋನು. ಮನೆಯಿಂದಲೇ ದೂರು ಕೊಡಿ ಎಂದಿತು. ಆಮೇಲೆ ಅದೇ ದನಿಯಲ್ಲಿ, ನಾಳೆ ನೀರು ಬರುವುದಿಲ್ಲ ಎನ್ನುವಷ್ಟು ಸರಾಗವಾಗಿ, ಓದಿತು:

"ಕುರ್ಚಿಯಲ್ಲಿ ನಮ್ಮ ಅತ್ತೆ. ಇವರು ಬಂದ ಮೇಲೆ ನನ್ನ ಮನೆ ನನ್ನದಲ್ಲ. ಇವರಿಗೆ ಕಣ್ಣು ಕಾಣುವುದಿಲ್ಲ, ಆದರೆ ನಾನು ಉಸಿರಾಡಿದರೂ ತಿಳಿಯುತ್ತದೆ. ಇವರು ಯಾವಾಗ ಹೋಗುತ್ತಾರೆ. ಚಿತ್ರ."

ನನ್ನ ಕೈಯಲ್ಲಿದ್ದ ಕ್ಯಾಮೆರಾ ಕಲ್ಲಿನಷ್ಟು ಭಾರವಾಯಿತು. ಒಂದು ಫೋಟೋ, ಅದನ್ನು ತೆಗೆದವನು ನಾನು, ನೋಡಿದವರೆಲ್ಲ ಚೆನ್ನಾಗಿದೆ ಎಂದರು, ಅದರ ಹಿಂದೆ ಇದು ಇಷ್ಟು ಕಾಲ ಬಾಯಿ ತೆರೆದುಕೊಂಡು ಕೂತಿತ್ತು. ಮಗ ಒಮ್ಮೆ ತಾಯಿಯನ್ನು ಒಮ್ಮೆ ಹೆಂಡತಿಯನ್ನು ನೋಡಿದ. ಇದನ್ನು ಬರೆದವರು ಯಾರು ಎಂದು ಕೇಳಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ ಪಾಪ. ಸಲೀಸಕ್ಕ ಗೋಡೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಸಿದಳು. ನಾನು, ನಾನೇ ಎಂದಳು. ಅದನ್ನು ಯಾರೂ ಕೇಳುವುದಿಲ್ಲ ಅಂದುಕೊಂಡಿದ್ದೆ ಎಂದಳು.

ಆಗ ಅತ್ತೆ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಹೇಳಬಲ್ಲೆ. ಆಕೆ ದನಿ ಎತ್ತಲಿಲ್ಲ.

"ಕ್ಲಾಸಲ್ಲಿ ಎಲ್ಲರಿಗೂ ಹೇಳಿದ್ದೆ ಕಣಮ್ಮ, ನನ್ನ ಸೊಸೆ ಬರೆಯೋದು, ಕೇಳಿ ಅಂತ. ಸ್ಪೀಕರ್ ಹಾಕ್ಸಿದ್ದೆ. ಸಾಹೇಬ್ರುದು ಬಂದಾಗ ಎಲ್ಲರೂ ಎಷ್ಟು ನಕ್ಕರು ಗೊತ್ತಾ. ನಿಮ್ಮ ಸೊಸೆ ಭಾರಿ ಚುರುಕು ಅಂದ್ರು. ನಂಗೂ ಖುಷಿ. ಇರಿ, ನಂದೂ ಒಂದು ಫೋಟೋ ಇದೆ, ನಾನು ಹೇಗೆ ಕಾಣ್ತೀನಿ ಅಂತ ಅದ್ರಲ್ಲಿ ಬರೆದಿರ್ತಾಳೆ ಅಂದೆ. ನಾನೇ ಹುಡುಕಿ ತೆಗೆದೆ. ಎಲ್ಲರೂ ಸುಮ್ಮನಾಗಿ ಕೇಳಿದ್ರು."

ಮುಂದೆ ಏನಾಯಿತೆಂದು ಆಕೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಒಂದು ಕೋಣೆಯ ತುಂಬ ಕಣ್ಣು ಕಾಣದ ಹೆಂಗಸರು, ಮಧ್ಯದಲ್ಲಿ ಫೋನು ಎತ್ತಿ ಹಿಡಿದ ಈ ಹೆಂಗಸು.

ಸಲೀಸಕ್ಕ ಮಂಡಿ ಊರಿಕೊಂಡು ಅತ್ತೆಯ ಬಳಿ ಸರಿದು, ಇವತ್ತೇ ಎಲ್ಲವನ್ನೂ ಅಳಿಸುತ್ತೇನೆ, ನನ್ನ ತಲೆ ಕೆಟ್ಟಿತ್ತು, ಅದು ನನ್ನ ಮನಸ್ಸಿನ ಮಾತಲ್ಲ ಎಂದು ಏನೇನೋ ಹೇಳಿದಳು. ಜೀವನದಲ್ಲಿ ಮೊದಲ ಸಲ ಅವಳ ವಾಕ್ಯಗಳು ಒಂದಕ್ಕೊಂದು ಸುತ್ತಿಕೊಂಡು ನಮ್ಮ ಎಂಜಿನಿಯರುಗಳ ವಾಕ್ಯಗಳಂತಾಗಿದ್ದವು. ಅತ್ತೆ ಕೈ ಚಾಚಿ ಅವಳ ತಲೆ ಎಲ್ಲಿದೆ ಎಂದು ಹುಡುಕಿ, ಅದರ ಮೇಲೆ ಕೈ ಇಟ್ಟರು.

"ಮನೇಲಿ ನೀನು ನನ್ನ ಹತ್ರ ಏನೂ ಹೇಳಿದವಳಲ್ಲ. ಏನು ಕೇಳಿದ್ರೂ ಪರವಾಗಿಲ್ಲ ಅತ್ತೆ, ಚೆನ್ನಾಗಿದೆ ಅತ್ತೆ. ನಿನ್ನ ಮನಸ್ಸಲ್ಲಿ ಏನಿದೆ ಅಂತ ತಿಳಿದಿದ್ದು ಅಲ್ಲೇ. ಚೆನ್ನಾಗಿ ಬರೆದಿದ್ದೀಯಮ್ಮ. ಒಂದೇ ಸಲಕ್ಕೆ ಅರ್ಥ ಆಯ್ತು."

ಅದನ್ನು ಕೊಂಕಾಗಿ ಹೇಳಿದ್ದರೆ ಸಹಿಸಬಹುದಿತ್ತು. ಆಕೆ ಹೊಗಳಿದ್ದರು. ಒಳ್ಳೆಯ ಹೊಲಿಗೆಯನ್ನು ಇನ್ನೊಬ್ಬ ದರ್ಜಿ ಹೊಗಳುವಂತೆ ಹೊಗಳಿದ್ದರು. ಸಲೀಸಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತೆ ನನ್ನ ಕಡೆ ಮುಖ ತಿರುಗಿಸಿ, ಬೇಗ ತೆಗೀರಿ ಫೋಟೋದವರೇ, ಬೆಳಕು ಹೋಗುತ್ತೆ ಎಂದರು. ಬೆಳಕು ಎಷ್ಟಿದೆ ಎಂಬುದು ಆಕೆಗೆ ಇನ್ನೂ ತಿಳಿಯುತ್ತಿತ್ತು. ನಾನು ತೆಗೆದೆ. ಬುದ್ಧಿ ಹೇಳಲು ಬಂದವನಿಗೆ ಬುದ್ಧಿಯೇ ಉಳಿದಿರಲಿಲ್ಲ.

ಆ ವಾರದಲ್ಲೇ ಅತ್ತೆ ಹೋದರು. ಸೊಸೆ ಅತ್ತಳು, ಮಗ ಅತ್ತ, ಆಕೆ ಇಬ್ಬರಿಗೂ ಸಮಾಧಾನ ಹೇಳಿ ಟ್ಯಾಕ್ಸಿ ಹತ್ತಿದರು. ಬೀದಿಯವರು ತಮಗೆ ತೋಚಿದ್ದನ್ನು ಮಾತಾಡಿದರು. ಮಗ ಮಾತ್ರ ದೂರದ ಪಾಳಿಗಳನ್ನೇ ಕೇಳಿ ಹಾಕಿಸಿಕೊಳ್ಳತೊಡಗಿದ.

ಸಲೀಸಕ್ಕ ಕಚೇರಿಗೆ ಬಂದು ಮೊದಲ ಪುಟದಿಂದ ಶುರು ಮಾಡಿದಳು. ಒಂದೊಂದೇ ಬಾಕ್ಸು ತೆರೆದು, ಓದಿ, ಅಳಿಸಿ, ಫೋಟೋದಲ್ಲಿ ಇರುವುದನ್ನು ಬರೆದಳು. ಈ ಸಲ ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡಳು. ಅಬ್ಬಾ, ಏನೇನಿತ್ತು ಅಲ್ಲಿ. ಮೇಲಧಿಕಾರಿಗಳ ಮೇಲಿನ ಸಿಟ್ಟು, ಗಂಡನ ಮೇಲಿನ ಬೇಸರ, ಒಂದು ಖಾಲಿ ಟ್ಯಾಂಕಿನ ಫೋಟೋ ಹಿಂದೆ "ನನಗೂ ಒಂದು ದಿನ ರಜೆ ಬೇಕು, ಮಂಚ ಸರಿಸಬೇಕು" ಎಂದು. ಗೋಡೆಗೆ ಹೇಳುತ್ತಿದ್ದೇನೆ ಎಂಬ ಧೈರ್ಯದಲ್ಲಿ ಮನುಷ್ಯರು ಏನೆಲ್ಲ ಹೇಳಿಬಿಡುತ್ತಾರೆ ಎಂದು ನನಗೆ ದಿಗಿಲಾಯಿತು. ಅದಕ್ಕಿಂತ ದಿಗಿಲಿನ ವಿಷಯ ಇನ್ನೊಂದು. ನಮ್ಮ ಕಚೇರಿ ತುಂಬ ಕಣ್ಣಿರುವವರೇ, ಅಷ್ಟೂ ಜನ ಆ ವೆಬ್‌ಸೈಟನ್ನು ದಿನವೂ ನೋಡುತ್ತಿದ್ದರು. ದೊಡ್ಡ ಸಾಹೇಬರಿಗೆ ಇವತ್ತಿಗೂ ಏನೂ ಗೊತ್ತಿಲ್ಲ.

ಕೊನೆಗೆ ಉಳಿದದ್ದು ಆ ಒಂದು ಫೋಟೋ. ಅವಳು ಅದನ್ನು ಪರದೆಯ ತುಂಬ ದೊಡ್ಡದು ಮಾಡಿದಳು. ನಾನು ತೆಗೆದ ಫೋಟೋವನ್ನು ನಾನೇ ಸರಿಯಾಗಿ ನೋಡಿರಲಿಲ್ಲ. ಮುಖದ ಮೇಲಿನ ಬಿಸಿಲಿಗೆ ಮರುಳಾಗಿದ್ದೆ. ನೀಲಿ ಸ್ವೆಟರಿನ ಗುಂಡಿಗಳು ಒಂದು ಕಾಜ ತಪ್ಪಿ ಹಾಕಿದ್ದವು. ಒಂದು ಅಂಚು ಮೇಲಕ್ಕೆ, ಒಂದು ಅಂಚು ಕೆಳಕ್ಕೆ. ಊರಿನ ಮಕ್ಕಳಿಗೆಲ್ಲ ಬಟ್ಟೆ ಹೊಲಿದ ಹೆಂಗಸು. ಸಲೀಸಕ್ಕ ಹೇಳಿದಳು, ನಾನು ಅವತ್ತೇ ನೋಡಿದ್ದೆ, ಸರಿ ಮಾಡಿದರೆ ಇನ್ನೊಂದು ಮಾತು ಬೆಳೆಯುತ್ತದೆ ಎಂದು ಸುಮ್ಮನಿದ್ದೆ ಎಂದು. ಆಮೇಲೆ ಬರೆದಳು:

"ಕುರ್ಚಿಯಲ್ಲಿ ನಮ್ಮ ಅತ್ತೆ ಕೂತಿದ್ದಾರೆ. ಪಕ್ಕದಲ್ಲಿ ತುಂಬಿದ ಬಕೆಟ್ ಇದೆ. ಮುಖಕ್ಕೆ ಬಿಸಿಲು ಬಿದ್ದಿದೆ. ಅವರು ಸುಂದರವಾಗಿ ಕಾಣುತ್ತಾರೆ. ನೀಲಿ ಸ್ವೆಟರಿನ ಗುಂಡಿ ಒಂದು ತಪ್ಪಿದೆ. ನಾನು ನೋಡಿದ್ದೆ, ಹೇಳಲಿಲ್ಲ."

ಹಸಿರು ಟಿಕ್ ಬಂತು. ಅದು ಏನು ಬರೆದರೂ ಬರುತ್ತದೆ.

ಕೆಲವು ದಿನಗಳ ಮೇಲೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳ ಫೋನು ರಿಂಗಾಯಿತು. ಅತ್ತೆಯ ಹೆಸರು ನೋಡಿ ಅವಳ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. ಒಬ್ಬಳೇ ಕೇಳಲು ಧೈರ್ಯ ಸಾಲದೆ ನನಗೂ ಕೇಳುವಂತೆ ಸ್ಪೀಕರ್ ಒತ್ತಿದಳು. ಅತ್ತೆ ಊಟ ಆಯಿತೇ ಎಂದು ಕೇಳಿದರು. ಮಗ ಯಾವ ಪಾಳಿಯಲ್ಲಿದ್ದಾನೆ ಎಂದು ಕೇಳಿದರು. ಆಮೇಲೆ ಹೇಳಿದರು.

"ಗುಂಡಿ ವಿಷಯ ಕೇಳಿದೆ ಕಣಮ್ಮ. ಈಗ ನಂಗೆ ನಾನು ಕಾಣ್ತೀನಿ. ನೀನು ಈಗ ಬರೆದಿರೋದು ನಿಜ."

ಸಲೀಸಕ್ಕ, ಹಾಗಾದರೆ ಮನೆಗೆ ಬನ್ನಿ ಅತ್ತೆ, ಕರೆದುಕೊಂಡು ಹೋಗಲು ಇವತ್ತೇ ಬರುತ್ತೇನೆ ಎಂದಳು.

"ಮೊದಲು ಬರೆದಿದ್ದೂ ನಿಜಾನೇ ಅಲ್ವಾ," ಎಂದರು ಅತ್ತೆ.

ಎಂಥೆಂಥ ಗೋಜಲನ್ನೂ ಎರಡು ಮಾತಿನಲ್ಲಿ ಬಿಡಿಸುತ್ತಿದ್ದವಳು ಕೆಳಗೆ ಬಿದ್ದ ಮುಚ್ಚಳ ಹೆಕ್ಕಿಕೊಂಡು ಅದನ್ನೇ ತಿರುಗಿಸುತ್ತ ಕೂತಳು. ಭಾನುವಾರ ಬಂದು ಹೋಗುತ್ತೇನೆ ಎಂದು ಅತ್ತೆಯೇ ಹೇಳಿ ಫೋನ್ ಇಟ್ಟರು. ಈಗ ಆಕೆ ಭಾನುವಾರ ಬರುತ್ತಾರೆ, ಬಾಗಿಲಲ್ಲಿ ನಿಂತು ಒಳಗೆ ಬರಬಹುದೇ ಎಂದು ಕೇಳುತ್ತಾರೆ. ಅವರು ಮನೆ ಬಿಟ್ಟ ಮೇಲೂ ಸಲೀಸಕ್ಕ ಆ ಮನೆಯಲ್ಲಿ ಒಂದು ಸ್ಟೂಲನ್ನೂ ಸರಿಸಿಲ್ಲ.